ದಿಲ್ಲಿಯನ್ನು ಕಾಣಬೇಕು

ದಿಲ್ಲಿಯಿಂದ ಬಂದು ಇಷ್ಟು ದಿನವಾದರೂ ನನ್ನ ಎಡಗಾಲಿನ ಹಿಮ್ಮಡಿ ಸರಿಯಾಗಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಗೋಡೆ ಹಿಡಿಯಬೇಕು. ಯಾರಾದರೂ “ಟೀಚರೇ, ದಿಲ್ಲಿ ಹೆಂಗಿತ್ತು?” ಎಂದು ಕೇಳಿದರೆ ಮೊದಲು ನೆನಪಾಗುವುದು ಈ ಹಿಮ್ಮಡಿಯೇ. ಚೆನ್ನಾಗಿತ್ತು ಎಂದು ಹೇಳಿ ಸುಮ್ಮನಾಗುತ್ತೇನೆ. ಪೂರ್ತಿ ಹೇಳಲು ಹೋದರೆ ಕೇಳುವವರಿಗೂ ಸುಸ್ತು, ನನಗೂ ಸುಸ್ತು.

ಮೂವತ್ತು ವರ್ಷ ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಪ್ರವಾಸ ಎಂದರೆ ನನಗೆ ಕೆಳದಿ. ಪ್ರತಿ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಒಂದು ಬಸ್ಸಿಗೆ ತುಂಬಿಕೊಂಡು ಕೆಳದಿಗೆ ಹೋಗುವುದು, ದೇವಸ್ಥಾನದ ಕಂಬ ತೋರಿಸುವುದು, ಮ್ಯೂಸಿಯಂನಲ್ಲಿ ಯಾರೂ ಏನನ್ನೂ ಮುಟ್ಟದ ಹಾಗೆ ಕಾಯುವುದು, ಸಂಜೆ ತಲೆ ಎಣಿಸಿ ವಾಪಸ್ಸು ಕರೆತರುವುದು. ಅಷ್ಟು ಸಲ ಹೋದರೂ ಆ ಕಂಬಗಳ ಮೇಲೆ ಏನೇನಿದೆ ಎಂದು ನಾನು ನೆಮ್ಮದಿಯಿಂದ ನೋಡಿದವಳಲ್ಲ. ನನ್ನ ಕಣ್ಣು ಯಾವಾಗಲೂ ಮಕ್ಕಳ ತಲೆಯ ಮೇಲೆ. ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಕುಳಿತಿದ್ದಾಗಲೂ ಎದುರಿಗೆ ಕುಳಿತವರನ್ನು ಎಣಿಸುತ್ತಿದ್ದೆ.

ಇನ್ನು ಗಂಡನ ಜೊತೆ ಪ್ರವಾಸ. ಅದು ಆಗಿರಲೇ ಇಲ್ಲ. ಇವರಿಗೆ ದುಡ್ಡಿನ ಬಿಗಿಯೂ ಅಲ್ಲ, ನನ್ನ ಮೇಲೆ ಅಕ್ಕರೆ ಇಲ್ಲದ್ದೂ ಅಲ್ಲ. ಇವರಿಗೆ ಇದ್ದದ್ದು ಒಂದು ಫೈಲು.

ಇವರದು ಮುಳುಗಡೆಯ ಮನೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಬ್ಯಾಕೋಡಿನ ಕಡೆ ಇದ್ದ ಇವರ ಊರು ಶರಾವತಿಯ ನೀರಿನಡಿ ಹೋಯಿತು. ಅಲ್ಲಿ ಗೇಣಿ ಮಾಡಿಕೊಂಡಿದ್ದ ನಮ್ಮ ಮಾವ, ಮನೆಯ ಬಾಗಿಲು, ಜಂತಿ, ಒನಕೆ, ಎರಡು ಎತ್ತು ಇಷ್ಟನ್ನು ಲಾರಿಗೆ ಹಾಕಿಕೊಂಡು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಕಾಡಿಗೆ ಬಂದರು. ಲಾರಿ ಕೊಟ್ಟಿದ್ದೂ ಸರ್ಕಾರ, ಇಲ್ಲಿ ಕಡಿದು ಗದ್ದೆ ಮಾಡಿಕೊಳ್ಳಿ ಎಂದು ಜಾಗ ತೋರಿಸಿದ್ದೂ ಸರ್ಕಾರ. ಮಾಡಿಕೊಂಡರು. ಕೇರಿಯಾಯಿತು, ಶಾಲೆಯಾಯಿತು, ನಾನು ಆ ಶಾಲೆಗೆ ಟೀಚರಾಗಿ ಬಂದು ಆ ಕೇರಿಗೇ ಸೊಸೆಯಾದೆ. ಆದರೆ ಕಾಗದದಲ್ಲಿ ಆ ಜಾಗ ಇವತ್ತಿಗೂ ಕಾಡು. ಯಾರಿಗೂ ಹಕ್ಕುಪತ್ರ ಇಲ್ಲ. ಇವರು ಹಿಟ್ಟಿನ ಗಿರಣಿ ಹಾಕಬೇಕೆಂದು ಕರೆಂಟಿಗೆ ಅರ್ಜಿ ಕೊಟ್ಟಾಗ ಜಾಗದ ದಾಖಲೆ ತನ್ನಿ ಎಂದರು. ಕರೆಂಟಿಗಾಗಿ ಊರು ಮುಳುಗಿಸಿಕೊಂಡು ಬಂದವರ ಮಗನಿಗೆ ಕರೆಂಟು ಸಿಗಲು ಎರಡು ವರ್ಷ ಹಿಡಿಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ, ಆದರೆ ಸಿಟ್ಟಿಗೂ ಈಗ ವಯಸ್ಸಾಗಿದೆ.

ಹಕ್ಕುಪತ್ರ ಯಾಕಿಲ್ಲ ಎಂದು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ. ಇದು ಕಾಡಿನ ಜಾಗ, ದಿಲ್ಲಿ ಒಪ್ಪಬೇಕು. ಹೀಗಾಗಿ ನಮ್ಮ ಕೇರಿಯಲ್ಲಿ ದಿಲ್ಲಿ ಎಂದರೆ ಊರಲ್ಲ, ಮನುಷ್ಯ. “ದಿಲ್ಲಿ ಎಂತ ಹೇಳ್ತಂತೆ?” ಎಂದು ಒಬ್ಬರು ಕೇಳುತ್ತಾರೆ. “ಇನ್ನೂ ನೋಡಿಲ್ವಂತೆ” ಎಂದು ಇನ್ನೊಬ್ಬರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ದೀಪ ಹಚ್ಚಿ “ದಿಲ್ಲಿಗೆ ಮನಸ್ಸು ಬರ್ಲಪ್ಪ” ಎಂದು ಕೈ ಮುಗಿಯುವುದನ್ನು ಕೇಳಿ, ಯಾರೋ ಮುನಿಸಿಕೊಂಡ ನೆಂಟರಿರಬೇಕು ಎಂದುಕೊಂಡಿದ್ದೆ. ಸಾಗರದ ಕಡೆಯ ನನ್ನ ತವರಿನಲ್ಲಿ ಈ ಮಾತು ಯಾರೂ ಆಡುತ್ತಿರಲಿಲ್ಲ. ಅಮ್ಮನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು.

ಮಾವ ಹೋದ ಮೇಲೆ ಆ ಫೈಲು ಇವರ ಪಾಲಿಗೆ ಬಂತು. ಇಡೀ ಕೇರಿಯ ಪರವಾಗಿ ಓಡಾಡುವುದೂ ಅದರ ಜೊತೆಗೇ ಬಂತು. ಸೋಮವಾರ ಗಿರಣಿಗೆ ರಜೆ, ಅಂದರೆ ಇವರು ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗುವ ದಿನ. ಭಾನುವಾರ ನನಗೆ ರಜೆ, ಅಂದರೆ ಇವರು ಸೋಮವಾರಕ್ಕೆ ಬೇಕಾದ ಕಾಗದ ಜೋಡಿಸುವ ದಿನ. ಮಗಳು ಹುಟ್ಟಿದ ದಿನ ಇವರು ಶಿವಮೊಗ್ಗದ ಯಾವುದೋ ವರಾಂಡದಲ್ಲಿ ಕುಳಿತಿದ್ದರು. ಅದನ್ನು ನಾನು ತಪ್ಪೆಂದು ಎಣಿಸಲಿಲ್ಲ, ಆದರೆ ಮರೆಯಲೂ ಇಲ್ಲ. ಬೇರೆ ಹೆಂಗಸರಿಗೆ ಸವತಿ ಇದ್ದರೆ ಜಡೆ ಹಿಡಿದು ಜಗಳವಾಡಬಹುದು, ನನ್ನ ಸವತಿಗೆ ಜಡೆಯೂ ಇರಲಿಲ್ಲ, ಬರೀ ಕಾಗದ ಪೋಣಿಸುವ ಟ್ಯಾಗು.

ನಿವೃತ್ತಿಯಾದ ಮೇಲೆ ನನಗೆ ಒಂದೇ ಆಸೆ ಇತ್ತು. ಇವರ ಜೊತೆ ಎಲ್ಲಿಗಾದರೂ ನಾಲ್ಕು ದಿನ. ಫೈಲಿಲ್ಲದ ನಾಲ್ಕು ದಿನ. ಹೊಸನಗರದಲ್ಲಿ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವ ಮಗಳ ಹತ್ತಿರ ಇದನ್ನು ಹೇಳಿದೆ. ಅವಳು ಅಪ್ಪನನ್ನು ಕೂರಿಸಿಕೊಂಡು ಕೇಳಿದಳು. ಹಂಪಿ ಎಂದಳು, ಬಿಸಿಲು ಎಂದರು. ಮೈಸೂರು ಎಂದಳು, ಜನ ಎಂದರು. ಕೊನೆಗೆ ಅವಳು ಬೇಸತ್ತು “ಹಂಗಾರೆ ದಿಲ್ಲಿಗೆ ಹೋಗಿ” ಎಂದಳು. ಇವರು “ದಿಲ್ಲಿ ಆಗ್ಬೋದು” ಎಂದರು. ಶಿವಮೊಗ್ಗದ ಪೇಟೆಗೆ ಬರಲು ಒಪ್ಪದ ಮನುಷ್ಯ ದಿಲ್ಲಿಗೆ ಒಪ್ಪಿದಾಗಲೇ ನನಗೆ ಬುದ್ಧಿ ಬರಬೇಕಿತ್ತು.

“ಫೈಲ್ ತರೋ ಹಂಗಿಲ್ಲ. ಅದ್ರ ಸುದ್ದಿನೂ ಎತ್ತೋ ಹಂಗಿಲ್ಲ” ಎಂದೆ.

“ಇಲ್ಲ ಮಾರಾಯ್ತಿ, ಎಂತಕ್ಕೆ ತರ್ಲಿ” ಎಂದರು.

ಹೊರಡುವ ದಿನ ಬಸ್ ಸ್ಟಾಪಿಗೆ ಇಡೀ ಕೇರಿ ಬಂದಿತ್ತು. ಅಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಜನರಿಗೆ ನಾನು ಅಕ್ಷರ ಕಲಿಸಿದವಳು. ಟೀಚರು ಮೊದಲ ಸಲ ಪ್ರವಾಸ ಹೊರಟಿದ್ದಾರೆ ಎಂದು ಬಂದಿದ್ದಾರೆ ಎಂದುಕೊಂಡು ನನ್ನ ಕಣ್ಣು ಒದ್ದೆಯಾಯಿತು. ಒಬ್ಬ ಅಜ್ಜಿ ಬಾಳೆಹಣ್ಣು ಕೊಟ್ಟು “ಒಳ್ಳೇದಾಗ್ಲಿ, ಕೆಲಸ ಕೈಗೂಡ್ಲಿ” ಎಂದಳು. ವಯಸ್ಸಾದವರು ಏನೋ ಹೇಳುತ್ತಾರೆ ಎಂದು ಕಾಲು ಮುಟ್ಟಿ ಬಸ್ ಹತ್ತಿದೆ.

ಬೆಂಗಳೂರಿನಿಂದ ರೈಲಿನಲ್ಲಿ ಎರಡು ರಾತ್ರಿ. ಇಳಿದಾಗ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಮಗಳು ಫೋನಿನಲ್ಲೇ ರೂಮು ಗೊತ್ತು ಮಾಡಿದ್ದಳು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತಿತ್ತು. ಕೆಳಗೆ ಹಾರ್ನು. ನಮ್ಮ ಕಡೆ ಬಸ್ಸಿನವನು ತಿರುವಿನಲ್ಲಿ ಒಂದು ಸಲ ಹಾರ್ನ್ ಹೊಡೆಯುತ್ತಾನೆ, ಅದಕ್ಕೊಂದು ಕಾರಣ ಇರುತ್ತದೆ. ಇಲ್ಲಿ ನಿಂತ ಗಾಡಿಗಳೂ ಕೂಗುತ್ತಿದ್ದವು. ಫೆಬ್ರವರಿಯ ಚಳಿ ಬೇರೆ. ಗೀಸರಿನಲ್ಲಿ ಒಂದೂವರೆ ಬಕೆಟ್ ಬಿಸಿನೀರು, ಆಮೇಲೆ ತಣ್ಣೀರು. ಬಚ್ಚಲ ಹಂಡೆ ನೆನೆದು ಸ್ನಾನ ಮುಗಿಸಿದೆ.

ಮೊದಲ ದಿನ ಕೆಂಪು ಕೋಟೆ. ಸರತಿ ಸಾಲಿನಲ್ಲಿ ನಿಂತು ನಿಂತು ಒಳಗೆ ಹೋಗುವಷ್ಟರಲ್ಲಿ ಕಾಲು ಸೋತಿತ್ತು. ಒಳಗೆ ಹೋದರೆ ಮತ್ತೆ ನಡೆಯುವುದೇ. ಪ್ರವಾಸ ಎಂದರೆ ಇಷ್ಟು ನಡೆಯಬೇಕು ಎಂದು ಯಾರೂ ಹೇಳಿರಲಿಲ್ಲ. ಜನ ಎಷ್ಟೆಂದರೆ, ಯಾವುದರ ಮುಂದೆ ನಿಂತರೂ ಹಿಂದಿನವರು ಮುಂದಕ್ಕೆ ತಳ್ಳುತ್ತಿದ್ದರು. ಅಭ್ಯಾಸಬಲದಿಂದ ನಾನು ಐದೈದು ನಿಮಿಷಕ್ಕೆ ತಿರುಗಿ ತಲೆ ಎಣಿಸುತ್ತಿದ್ದೆ. ಒಂದೇ ತಲೆ, ಅದೂ ಬೋಳು, ತಪ್ಪುವ ಪ್ರಶ್ನೆ ಇಲ್ಲ. ಆದರೂ ಎಣಿಸುತ್ತಿದ್ದೆ.

ಇವರು ಕಟ್ಟಡಗಳನ್ನು ನೋಡುವ ರೀತಿ ಬೇರೆ. ಅಮೃತಶಿಲೆಯ ಮಂಟಪದ ಮುಂದೆ ನಿಂತು “ಇಲ್ಲಿ ರಾಜ ಕೂತು ಅರ್ಜಿ ತಗೊಳ್ತಿದ್ನಂತೆ, ಅಲ್ದಾ?” ಎಂದು ಕೇಳಿದರು. ಹೌದು, ಬೋರ್ಡಿನಲ್ಲಿ ಹಾಗೇ ಇದೆ ಎಂದೆ. “ಎದುರಿಗೇ ಕೊಡ್ಬೋದಿತ್ತಲ್ಲ” ಎಂದು ಬಹಳ ಹೊತ್ತು ನೋಡಿದರು. ದಾರಿಯಲ್ಲಿ ದೊಡ್ಡ ಕಟ್ಟಡ ಕಂಡಾಗಲೆಲ್ಲ “ಇದು ಯಾವ ಇಲಾಖೆ?” ಎಂಬ ಪ್ರಶ್ನೆ. ಒಂದನ್ನಂತೂ ಮೂರು ಸಲ ಕೇಳಿದರು. ಅದು ಬಟ್ಟೆ ಅಂಗಡಿ ಎಂದು ಹತ್ತಿರ ಹೋದ ಮೇಲೆ ಗೊತ್ತಾಯಿತು. ಇಬ್ಬರೂ ನಕ್ಕೆವು. ಇಡೀ ಪ್ರವಾಸದಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಒಂದು ಸಲ ಎಂದು ಆಗ ಗೊತ್ತಿರಲಿಲ್ಲ.

ಎರಡನೇ ದಿನ ಕುತುಬ್ ಮಿನಾರಿಗೆ ಮೆಟ್ರೋದಲ್ಲಿ ಹೋಗುವುದೆಂದಾಯಿತು. ಮೆಟ್ರೋ ಸ್ಟೇಷನ್ನಿನಲ್ಲಿ ಚೀಲಗಳನ್ನು ಒಂದು ಯಂತ್ರದೊಳಗೆ ಹಾಯಿಸುತ್ತಾರೆ. ಇವರ ಹೆಗಲ ಚೀಲ ಒಳಗೆ ಹೋಗಿ ಅಲ್ಲೇ ನಿಂತಿತು. ಕಾವಲಿನ ಹುಡುಗಿ ಪರದೆ ನೋಡಿ, ಒಳಗೆ ತಗಡಿನ ಡಬ್ಬ ಇದೆ, ಏನದು ಎಂದು ಹಿಂದಿಯಲ್ಲಿ ಕೇಳಿದಳು. ಚಿಕ್ಕಂದಿನಲ್ಲಿ ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು ನಾನು, ಉತ್ತರ ಕೊಡುವ ಹುಮ್ಮಸ್ಸು ನನ್ನದೇ. ಅದು ಕೋಡುಬಳೆ ಡಬ್ಬ, ಮನೆಯಲ್ಲೇ ಮಾಡಿದ್ದು ಎಂದೆ. ಕೇರಿಯವರು ಮಾಡಿಕೊಟ್ಟದ್ದು ಎಂದು ಇವರು ರೈಲು ಹತ್ತುವಾಗ ನನಗೆ ಹೇಳಿದ್ದರು. ರೈಲಿನಲ್ಲಿ ಕೋಡುಬಳೆ ಕೊಡಿ ಎಂದಾಗ ವಾಪಸ್ಸು ಬರುವ ದಾರಿಗೆ ಇರಲಿ ಎಂದಿದ್ದರು.

ಹುಡುಗಿ ಡಬ್ಬ ತೆರೆದಳು. ಒಳಗೆ ನನ್ನ ಸವತಿ ಮಡಚಿಕೊಂಡು ಮಲಗಿತ್ತು. ಮಾವನ ಕಾಲದ ಬಟ್ಟೆ ಅಂಟಿಸಿದ ನಕ್ಷೆ, ಅದರ ಕೆಳಗೆ ಅರ್ಜಿಗಳು, ಹಿಂಬರಹಗಳು, ಎಲ್ಲದರ ಮೇಲೆ ಹೊಸದಾಗಿ ಕೇರಿಯವರೆಲ್ಲ ಸಹಿ ಹಾಕಿದ ಎರಡು ಹಾಳೆ. ಹುಡುಗಿ ಎರಡು ಕಾಗದ ಎತ್ತಿ ನೋಡಿ, “ಮಾತಾಜೀ, ನಿಮ್ಮ ಕಡೆ ಇದನ್ನ ತಿಂತಾರಾ?” ಎಂದು ಅವಳ ಭಾಷೆಯಲ್ಲಿ ಕೇಳಿದಳು. ಹಿಂದೆ ನಿಂತವರು ನಕ್ಕರು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಮುಖ ಮಾತ್ರ ಸುಟ್ಟುಹೋಯಿತು. ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿದವಳು ಅಷ್ಟು ಜನರ ಮುಂದೆ ಸುಳ್ಳಿಯಾಗಿ ನಿಂತಿದ್ದೆ.

ಕುತುಬ್ ಮಿನಾರ್ ಎತ್ತರವಾಗಿತ್ತು. ಅದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ. ಆ ದಿನ ನಾನು ಇವರ ಜೊತೆ ಒಂದು ಮಾತೂ ಆಡಲಿಲ್ಲ. ಇವರು ನೀರು ಕೊಟ್ಟರೆ ಕುಡಿದೆ, ಕುಳಿತುಕೊ ಎಂದರೆ ಕುಳಿತೆ. ಹುಲ್ಲಿನ ಮೇಲೆ ನಮ್ಮ ಹಾಗೇ ವಯಸ್ಸಾದ ಗಂಡ ಹೆಂಡತಿಯರು ಕುಳಿತು ಕಿತ್ತಳೆ ಸುಲಿದು ತಿನ್ನುತ್ತಿದ್ದರು. ಅವರನ್ನು ನೋಡಿ ಹೊಟ್ಟೆಕಿಚ್ಚಾಯಿತು. ಕಿತ್ತಳೆ ಸುಲಿಯುವುದು ಅಷ್ಟು ದೊಡ್ಡ ವಿಷಯವೇ? ನನಗೆ ಆವತ್ತು ದೊಡ್ಡದಾಗಿ ಕಂಡಿತು.

ಸಂಜೆ ರೂಮಿಗೆ ಬಂದು ನಾನು ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆ. ಇವರು ಮಂಚದ ತುದಿಯಲ್ಲಿ ಕುಳಿತು ತಾವಾಗಿಯೇ ಮಾತು ತೆಗೆದರು.

“ಒಂದು ಗಂಟೆ ಕೆಲ್ಸ. ನಾಳೆ ಬೆಳಿಗ್ಗೆ ಹೋಗಿ ಕೇಳಿ ಬಂದ್ಬಿಡ್ತೀನಿ. ನೀ ರೂಮಲ್ಲೇ ಇರು.”

“ಮಾತು ಕೊಟ್ಟಿದ್ರಿ ನೀವು.”

“ಕೊಟ್ಟಿದ್ದೆ. ಆದ್ರೆ ಕೇರಿಯವ್ರಿಗೆ ದಿಲ್ಲಿಗೆ ಹೋಗ್ತೀವಿ ಅಂತ ಗೊತ್ತಾದ ಮೇಲೆ ಎಂತ ಹೇಳ್ಲಿ? ಗುಮ್ಮಟ ನೋಡಕ್ಕೆ ಹೋಗ್ತಿದೀನಿ, ನಿಮ್ ಕೆಲ್ಸಕ್ಕಲ್ಲ ಅಂತ ಹೇಳಕ್ಕಾಗ್ತದಾ? ಇಲ್ಲಿವರೆಗೆ ಬಂದು ಕೇಳದೆ ಹೋದ್ರೆ ಮುಖ ತೋರ್ಸದು ಹೆಂಗೆ?”

ಆಗ ನನಗೆ ಬಸ್ ಸ್ಟಾಪಿಗೆ ಅಷ್ಟು ಜನ ಬಂದದ್ದರ ಅರ್ಥವಾಯಿತು. ಅವರು ಟೀಚರನ್ನು ಬೀಳ್ಕೊಡಲು ಬಂದದ್ದಲ್ಲ, ತಮ್ಮ ಕಾಗದವನ್ನು ಬೀಳ್ಕೊಡಲು ಬಂದದ್ದು. ನಾನು ಆ ಕಾಗದದ ಜೊತೆ ಹೊರಟಿದ್ದ ಇನ್ನೊಂದು ಸಾಮಾನು. ಆ ಕ್ಷಣ ಆದಷ್ಟು ನೋವು ನನಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ. ಅತ್ತುಬಿಟ್ಟೆ. ಇವರು ಟವೆಲ್ ತಂದುಕೊಟ್ಟರು, ಕಾಲು ಒರೆಸಿಕೊ ಎಂದರು. ಆ ಟವೆಲ್ಲಿನಿಂದಲೇ ಮುಖ ಒರೆಸಿಕೊಂಡೆ.

“ನಿಮಗೆ ಹಿಂದಿ ಬರಲ್ಲ. ನಾನೂ ಬರ್ತೀನಿ. ಆದ್ರೆ ಅಲ್ಲಿಂದ ಬಂದ ಮೇಲೆ ಈ ಡಬ್ಬ ನನ್ನ ಕಣ್ಣಿಗೆ ಬೀಳ್ಬಾರ್ದು” ಎಂದೆ.

“ಆಯ್ತು” ಎಂದರು.

ಮೂರನೇ ದಿನ ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದರು. ಆ ಅಂಗಿ ಕೆಂಪು ಕೋಟೆಗೆ ಬಂದಿರಲಿಲ್ಲ, ಚೀಲದ ತಳದಲ್ಲೇ ಇತ್ತು. ಆಟೋದವನಿಗೆ ಮಗಳು ಫೋನಿನಲ್ಲಿ ಅರಣ್ಯ ಇಲಾಖೆಯ ದೊಡ್ಡ ಕಚೇರಿಯ ವಿಳಾಸ ಹೇಳಿದಳು. ಇಳಿದ ಮೇಲೆ ಉದ್ದನೆಯ ಕಾಂಪೌಂಡಿನ ಸುತ್ತ ಅರ್ಧ ಗಂಟೆ ನಡೆದು ಸರಿಯಾದ ಗೇಟು ಹುಡುಕಿದೆವು. ಗೇಟಿನ ಪಕ್ಕದ ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಮೂರು ಸಾಲು. ನಿಮ್ಮ ಹೆಸರು, ಯಾರನ್ನು ಕಾಣಬೇಕು, ಯಾವ ಕೆಲಸ.

ಇವರು ಮೊದಲನೆಯ ಸಾಲನ್ನು ತಾವೇ ಇಂಗ್ಲಿಷಿನಲ್ಲಿ ಬಿಡಿ ಬಿಡಿಯಾಗಿ ಬರೆದರು. ಮೂರನೆಯ ಸಾಲಿನಲ್ಲಿ ಹಿಡಿಸದಷ್ಟು ವಿಷಯ ಇತ್ತು. ಎರಡನೆಯ ಸಾಲಿನ ಮೇಲೆ ಪೆನ್ನು ನಿಂತಿತು.

“ಯಾರನ್ನ ಅಂತ ಬರೀಲಿ?” ಎಂದು ನನ್ನನ್ನು ಕೇಳಿದರು.

“ನಂಗೇನು ಗೊತ್ತು? ನಿಮ್ ಫೈಲು.”

ಇವರು ಡಬ್ಬ ತೆರೆದು ಮೇಲಿನ ಎರಡು ಕಾಗದ ನೋಡಿದರು, ಮುಚ್ಚಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಚೀಟಿಯನ್ನು ನನ್ನ ಕಡೆ ತಳ್ಳಿ, “ದಿಲ್ಲಿ ಅಂತ ಬರಿ” ಎಂದರು.

ತಮಾಷೆಗೆ ಹೇಳಿದರೇನೋ ಎಂದು ಮುಖ ನೋಡಿದೆ. ತಮಾಷೆ ಅಲ್ಲ. ಇವರು ಹುಟ್ಟಿದಾಗಿನಿಂದ ಕೇಳಿದ ಹೆಸರು ಅದೊಂದೇ. ಒಪ್ಪಬೇಕಾದವರು ದಿಲ್ಲಿ, ನೋಡಬೇಕಾದವರು ದಿಲ್ಲಿ, ಸುಮ್ಮನಿರುವವರು ದಿಲ್ಲಿ. ನಾಲ್ಕನೇ ತರಗತಿಗೆ ಭಾರತದ ನಕ್ಷೆಯಲ್ಲಿ ದಿಲ್ಲಿ ಎಲ್ಲಿದೆ ಎಂದು ಚುಕ್ಕೆ ಇಟ್ಟು ತೋರಿಸಿದ ನಾನು, ಅವತ್ತು ಯಾರನ್ನು ಕಾಣಬೇಕು ಎಂಬಲ್ಲಿ ಹಿಂದಿಯಲ್ಲಿ ದಿಲ್ಲಿ ಎಂದು ಬರೆದೆ. ದುಂಡಗೆ ಬರೆದೆ.

ಕಿಟಕಿಯ ಒಳಗಿನವನು ಓದಿದ. ಮತ್ತೊಮ್ಮೆ ಓದಿದ. ನಗಲಿಲ್ಲ. “ದಿಲ್ಲಿಯಲ್ಲೇ ಇದ್ದೀರಿ ಅಮ್ಮಾ. ದಿಲ್ಲಿಯಲ್ಲಿ ಯಾರನ್ನು?” ಎಂದು ಕೇಳಿದ. ಅಧಿಕಾರಿಯ ಹೆಸರು ಬೇಕು, ಅವರು ಒಳಗಿನಿಂದ ಒಪ್ಪಿದರೆ ಮಾತ್ರ ಪಾಸು ಎಂದ. ಹೆಸರಿಲ್ಲ ಎಂದೆ. ಹಾಗಾದರೆ ಆಗುವುದಿಲ್ಲ ಎಂದ.

ನಿಜ ಹೇಳಬೇಕು. ಅವನು ಆಗುವುದಿಲ್ಲ ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಮುಗಿಯಿತಲ್ಲ, ಇನ್ನು ಒಂದೂವರೆ ದಿನವಾದರೂ ನನ್ನದು ಎಂದುಕೊಂಡೆ.

ಇವರು ಕದಲಲಿಲ್ಲ. ಕಿಟಕಿಯ ಪಕ್ಕಕ್ಕೆ ಸರಿದು ಡಬ್ಬ ಎದೆಗೆ ಹಿಡಿದು ನಿಂತರು. ಜಗಳವಿಲ್ಲ, ಬೇಡುವುದಿಲ್ಲ, ಬರೀ ನಿಲ್ಲುವುದು. ಸಾಗರದಲ್ಲಿ, ಶಿವಮೊಗ್ಗದಲ್ಲಿ ಇವರು ಇಷ್ಟು ವರ್ಷ ಮಾಡಿದ ಕೆಲಸ ಇದೇ ಎಂದು ನಾನು ಅವತ್ತು ಮೊದಲ ಸಲ ಕಣ್ಣಾರೆ ನೋಡಿದೆ. ಮನೆಯಲ್ಲಿ ಗಡುಸಾಗಿ ಮಾತಾಡುವ ಮನುಷ್ಯ ಅಲ್ಲಿ ಭುಜ ಒಳಕ್ಕೆ ಎಳೆದುಕೊಂಡು, ಯಾರ ದಾರಿಗೂ ಅಡ್ಡವಾಗದ ಹಾಗೆ ನಿಂತಿದ್ದರು. ಒಂದು ಗಂಟೆಯಾಯಿತು. ನನ್ನ ಹಿಮ್ಮಡಿ ಉರಿಯುತ್ತಿತ್ತು, ನೆಲದ ಮೇಲೇ ಕುಳಿತೆ. ಅದನ್ನು ನೋಡಿಯೋ ಏನೋ, ಕಿಟಕಿಯವನು ಒಳಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಕನ್ನಡಕದ ಒಬ್ಬ ಗುಮಾಸ್ತರು ಗೇಟಿನ ಹತ್ತಿರ ಬಂದರು.

ಒಳ್ಳೆಯ ಮನುಷ್ಯ. ಕಾಂಪೌಂಡಿನ ಕಟ್ಟೆಯ ಮೇಲೆ ಕಾಗದ ಹರಡಿಸಿ, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಮುಳುಗಡೆ ಎಂಬುದಕ್ಕೆ ನನಗೆ ಹಿಂದಿ ಪದ ಹೊಳೆಯಲಿಲ್ಲ. ಮನೆ ನೀರಿನಲ್ಲಿ ಹೋಯಿತು ಎಂದೆ. ಅಯ್ಯೋ, ಯಾವಾಗ, ಈ ವರ್ಷವಾ ಎಂದು ಕೇಳಿದರು. ಆಮೇಲೆ ಅವರು, ಇಲ್ಲಿಗೆ ಬಂದ ಕಾಗದಕ್ಕೆ ಇಲ್ಲಿಯದೊಂದು ನಂಬರು ಇರುತ್ತದೆ, ಆ ನಂಬರು ಹೇಳಿ, ಹುಡುಕಿಸುತ್ತೇನೆ ಎಂದರು.

ಇವರು ಮೊದಲಿನಿಂದ ಒಂದೊಂದೇ ಹಾಳೆ ಮಗುಚಿದರು. ಸಾಗರದ ನಂಬರು ಇತ್ತು. ಹೊಸನಗರದ್ದು, ತೀರ್ಥಹಳ್ಳಿಯದು, ಶಿವಮೊಗ್ಗದ್ದು, ಬೆಂಗಳೂರಿನದು ಇತ್ತು. ಮಾವ ನೀಲಿ ಶಾಯಿಯಲ್ಲಿ ಅಡಿಗೆರೆ ಎಳೆದ ನಂಬರು, ಇವರು ಕೆಂಪಿನಲ್ಲಿ ಗುರುತು ಹಾಕಿದ ನಂಬರು. ಕೊನೆಯ ಹಾಳೆಯವರೆಗೂ ಮಗುಚಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನೂ ನೋಡಿದೆ. ಅಷ್ಟು ದಪ್ಪದ ಕಟ್ಟಿನಲ್ಲಿ ದಿಲ್ಲಿಯಿಂದ ಬಂದ ಒಂದೇ ಒಂದು ಚೂರು ಕಾಗದ ಇರಲಿಲ್ಲ. ದಿಲ್ಲಿಗೆ ಹೋದದ್ದಕ್ಕೂ ಗುರುತಿರಲಿಲ್ಲ. ಹೋಗಿದೆ ಎಂದು ಯಾರೋ ಬಾಯಲ್ಲಿ ಹೇಳಿದ್ದು, ಅದನ್ನು ಎರಡು ತಲೆಮಾರು ನಂಬಿದ್ದು, ಅಷ್ಟೇ.

“ಬಂದಿಲ್ಲ ಅಂತ ನಾನು ಹೇಳುತ್ತಿಲ್ಲ” ಎಂದರು ಗುಮಾಸ್ತರು ನನಗೆ. “ನಂಬರು ಇಲ್ಲದೆ ಹುಡುಕಲು ಆಗುವುದಿಲ್ಲ. ನಿಮ್ಮ ಊರಿನಲ್ಲಿ ಕೇಳಿ, ಯಾವಾಗ ಕಳಿಸಿದರು ಎಂದು.”

ಇವರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. “ಹ್ಞೂ” ಎಂದರು. ಗುಮಾಸ್ತರಿಗೆ ಕೈ ಮುಗಿದು, ನಕ್ಷೆಯನ್ನು ಮಡಿಕೆಯ ಗೆರೆಯ ಮೇಲೇ ಮಡಚಿ ಡಬ್ಬದೊಳಗಿಟ್ಟರು. ರಸ್ತೆ ದಾಟುವಾಗ ನನ್ನ ಕೈ ಹಿಡಿದರು. ಮದುವೆಯಾದ ಮೇಲೆ ಬೀದಿಯಲ್ಲಿ ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನನ್ನನ್ನು ದಾಟಿಸಲೋ ತಾವು ದಾಟಲೋ ಗೊತ್ತಿಲ್ಲ.

“ಎಲ್ಲಿಗೆ ಹೋಗಾಣ ಹೇಳು. ಇನ್ನು ನಿನ್ನ ಪ್ರವಾಸ” ಎಂದರು.

ಅವತ್ತು ಸಂಜೆ ಇಂಡಿಯಾ ಗೇಟ್, ಮರುದಿನ ರಾಜಘಾಟ್, ಇನ್ನೊಂದು ಸಮಾಧಿ, ಮತ್ತೊಂದು ಉದ್ಯಾನ. ನಾನು ಹೇಳಿದಲ್ಲಿಗೆ ಬಂದರು. ನಿಲ್ಲಿ ಎಂದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಐಸ್‌ಕ್ರೀಮ್ ಕೊಡಿಸಿದರು. ಯಾವ ಕಟ್ಟಡದ ಮುಂದೆಯೂ ಯಾವ ಇಲಾಖೆ ಎಂದು ಕೇಳಲಿಲ್ಲ. ಉದ್ಯಾನದ ಬೆಂಚಿನ ಮೇಲೆ ಕುಳಿತಾಗ ನಾನೇ ಅರ್ಧ ಡಜನ್ ಕಿತ್ತಳೆ ತಂದೆ. ಇವರು ಒಂದನ್ನು ಸುಲಿದು ನನಗೆ ಕೊಟ್ಟು, ಇನ್ನೊಂದನ್ನು ಸುಲಿದು ಕೈಯಲ್ಲೇ ಇಟ್ಟುಕೊಂಡು ಕುಳಿತರು. ನಾನು ಆಸೆಪಟ್ಟದ್ದು ಚಾಚೂ ತಪ್ಪದೆ ನನ್ನೆದುರಿಗಿತ್ತು. ರುಚಿ ಮಾತ್ರ ಇರಲಿಲ್ಲ. ಯಾವಾಗ ಊರು ಸೇರುತ್ತೇವೋ ಅನ್ನಿಸಿಬಿಟ್ಟಿತ್ತು.

ಕೇರಿಯವರು ಬಸ್ ಸ್ಟಾಪಿಗೇ ಬಂದಿದ್ದರು. ಇವರು ಏನನ್ನೂ ಮುಚ್ಚಿಡಲಿಲ್ಲ. ದಿಲ್ಲಿಯಲ್ಲಿ ನಮ್ಮ ಕಾಗದದ ಗುರುತೇ ಸಿಗಲಿಲ್ಲ ಎಂದು ಚೀಲ ಕೆಳಗಿಡುವ ಮೊದಲೇ ಹೇಳಿದರು. “ಎಂಥ ಸಾವು” ಎಂದು ಒಬ್ಬರು ಬೇಸರದಲ್ಲಿ ಮೆಲ್ಲಗೆ ಅಂದರು, ಅಷ್ಟೇ. ಬಾಳೆಹಣ್ಣು ಕೊಟ್ಟಿದ್ದ ಅಜ್ಜಿ ನನ್ನ ಕಾಲು ನೋಡಿ ಎಣ್ಣೆ ತಿಕ್ಕಿಕೊ ಎಂದಳು.

ಮನೆಗೆ ಬಂದವರೇ ಡಬ್ಬವನ್ನು ಅಟ್ಟದ ಮೇಲೆ ಇಟ್ಟರು. ನನಗೆ ಕೊಟ್ಟ ಮಾತು ಈ ಸಲ ಉಳಿಸಿಕೊಂಡರು. ಸೋಮವಾರ ಬಂತು, ಇವರು ಮನೆಯಲ್ಲೇ ಇದ್ದರು. ಗಡ್ಡ ಮಾಡಿಕೊಳ್ಳಲಿಲ್ಲ. ಜಗಲಿಯಲ್ಲಿ ಕುಳಿತು ರಸ್ತೆ ನೋಡಿದರು. ಹತ್ತು ಗಂಟೆಗೆ ಒಳಗೆ ಬಂದು ಮಧ್ಯಾಹ್ನಕ್ಕೆ ಎಂತ ಪದಾರ್ಥ ಎಂದು ಕೇಳಿದರು. ಹನ್ನೊಂದಕ್ಕೆ ಮತ್ತೆ ಕೇಳಿದರು. ಮರುವಾರವೂ ಹಾಗೇ. ಗಿರಣಿಯಲ್ಲಿ ಅಕ್ಕಿ ಹಿಟ್ಟು ಮಾಡುವಾಗ ಹಿಂದಿನವರ ಖಾರದ ಪುಡಿ ಕೊಡವದೆ ಹಾಗೇ ಬೀಸಿಬಿಟ್ಟರು, ಯಾರದೋ ಮನೆಯ ರೊಟ್ಟಿ ಕೆಂಪಾಯಿತು. ಯಾರಾದರೂ ಹಕ್ಕುಪತ್ರದ ಮಾತು ತೆಗೆದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ನಾನು ಮಾತಾಡಿಸಿದರೆ ಉತ್ತರ ಕೊಡುತ್ತಿದ್ದರು, ನಗಿಸಿದರೆ ನಗುತ್ತಿದ್ದರು. ಇಡೀ ದಿನ ನನ್ನ ಕಣ್ಣೆದುರೇ ಇರುತ್ತಿದ್ದರು. ಆದರೂ ಮನೆಯಲ್ಲಿ ಯಾರೋ ಇಲ್ಲ ಅನ್ನಿಸುತ್ತಿತ್ತು.

ಫೈಲಿಲ್ಲದ ಗಂಡನ ಜೊತೆ ನಾಲ್ಕು ದಿನ ಬೇಕು ಎಂದು ಹಂಬಲಿಸಿದವಳು ನಾನು. ಇಪ್ಪತ್ತು ದಿನ ಸಿಕ್ಕಿತು. ಅಷ್ಟರಲ್ಲಿ ನನಗೆ ಭಯವಾಗಲು ಶುರುವಾಯಿತು. ಈ ಮನುಷ್ಯನನ್ನು ನಾನು ಕಟ್ಟಿಕೊಂಡಿರಲಿಲ್ಲ. ನಾನು ಕಟ್ಟಿಕೊಂಡದ್ದು ಸೋಮವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡು, ಬಸ್ಸು ಬಂತು ಎಂದು ಓಡುವವರನ್ನು.

ಮೂರನೇ ಭಾನುವಾರ ಇವರು ಮಧ್ಯಾಹ್ನ ಮಲಗಿದ್ದಾಗ ಏಣಿ ಹಾಕಿ ಅಟ್ಟ ಹತ್ತಿದೆ. ಹಿಮ್ಮಡಿ ಪ್ರಾಣ ಹೋಗುವ ಹಾಗೆ ನೋಯಿತು. ಡಬ್ಬ ಇಳಿಸಿ, ಕನ್ನಡಕ ಹಾಕಿಕೊಂಡು, ಇಡೀ ಕಟ್ಟನ್ನು ಮೊದಲ ಸಲ ಓದಿದೆ. ಓದಿ ಮುಗಿಸಲು ಸಂಜೆಯಾಯಿತು. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಅರ್ಜಿ ಬರೆದೆ. ನಮ್ಮ ಕೇರಿಯ ಜಾಗದ ಪ್ರಸ್ತಾವ ದಿಲ್ಲಿಗೆ ಹೋಗಿದ್ದರೆ ಯಾವ ದಿನ ಹೋಯಿತು, ಯಾವ ನಂಬರಿನಲ್ಲಿ ಹೋಯಿತು, ಹೋಗದಿದ್ದರೆ ಯಾಕೆ ಹೋಗಲಿಲ್ಲ, ಬರವಣಿಗೆಯಲ್ಲಿ ತಿಳಿಸಬೇಕು ಎಂದು. ಒಂದು ಕಾಗುಣಿತ ತಪ್ಪಿಲ್ಲದೆ ಬರೆದೆ.

ಸೋಮವಾರ ಬೆಳಿಗ್ಗೆ ಅರ್ಜಿಯನ್ನೂ ಡಬ್ಬವನ್ನೂ ಕಾಫಿ ಲೋಟದ ಪಕ್ಕ ಇಟ್ಟೆ. ಇವರು ಮೊದಲು ಡಬ್ಬ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಅರ್ಜಿ ಎತ್ತಿಕೊಂಡು ನಿಧಾನವಾಗಿ ಓದಿದರು. ಎರಡು ಸಲ ಓದಿದರು.

“ಯಾವಾಗ ಬರ್ದೆ?”

“ನಿನ್ನೆ. ಸಾಗರದ ಬಸ್ಸು ಎಂಟೂವರೆಗೆ. ಗಡ್ಡ ಮಾಡ್ಕೊಳ್ಳಿ, ನಾನೂ ಬರ್ತೀನಿ.”

ಲೋಟದ ಕಾಫಿ ಅಲ್ಲೇ ಬಿಟ್ಟು ಎದ್ದರು. ಬಚ್ಚಲಲ್ಲಿ ನೀರು ತೋಡುವ ಸದ್ದು ಕೇಳಿತು. ಹೊರಗೆ ಬಂದಾಗ ಬಿಳಿ ಅಂಗಿ ಹಾಕಿದ್ದರು, ಮೇಲಿನ ಗುಂಡಿ ತಪ್ಪಿತ್ತು. ಚಪ್ಪಲಿ ಮೆಟ್ಟಿಕೊಂಡವರು, ಮೆಟ್ಟಿಲ ಮೇಲೆ ಗೋಡೆ ಹಿಡಿದು ಇಳಿಯುತ್ತಿದ್ದ ನನ್ನನ್ನು ನೋಡಿ ನಿಂತರು.

“ನಿಂಗೆ ಸುಸ್ತಾಗಲ್ವಾ?”

“ಆಗ್ತದೆ. ನಡೀರಿ.”